ತಲೆಕೆಳಗಾದರೂ ಕೆಡದ ಸಂದೇಶ

ಕಾರಿನಲ್ಲಿ ಎಫ್‌ಎಂ ಹಾಕಿದಾಗ ಕೆಲವು ಕೇಂದ್ರಗಳ ಹೆಸರು ಪರದೆಯ ಮೇಲೆ ಮೂಡುತ್ತದೆ. ಆರ್‌ಡಿಎಸ್ ಎಂಬ ವ್ಯವಸ್ಥೆಯ ಕೆಲಸವದು. ಹಾಡಿನ ಜೊತೆಗೇ 57 ಕಿಲೋಹರ್ಟ್ಸ್‌ನ ಉಪವಾಹಕ ಅಲೆಯನ್ನೇರಿ, ಸೆಕೆಂಡಿಗೆ 1187.5 ಬಿಟ್ ವೇಗದಲ್ಲಿ ಮಾಹಿತಿ ಬರುತ್ತದೆ. ಆದರೆ ಆ ಉಪವಾಹಕವನ್ನು ಅಡಗಿಸಿಯೇ ಪ್ರಸಾರ ಮಾಡುತ್ತಾರೆ. ರೇಡಿಯೊ ಅದನ್ನು ತಾನೇ ಕಟ್ಟಿಕೊಳ್ಳಬೇಕು. ಹಾಗೆ ಕಟ್ಟಿಕೊಂಡ ಅಲೆ ನೆಟ್ಟಗಿರಬಹುದು, 180 ಡಿಗ್ರಿ ತಿರುಗಿಯೂ ಇರಬಹುದು. ತಿರುಗಿದ್ದರೆ 0 ಎಲ್ಲ 1, 1 ಎಲ್ಲ 0! ಜೋಡಿ ತಂತಿಯ ತುದಿಗಳು ಅದಲುಬದಲಾದಾಗಲೂ ಇದೇ ಗತಿ.

ಇದಕ್ಕೆ ಎಂಜಿನಿಯರುಗಳು ಕಂಡುಕೊಂಡ ಉಪಾಯ ಡಿಫರೆನ್ಷಿಯಲ್ ಕೋಡಿಂಗ್. ಮಹಡಿ ಮೆಟ್ಟಿಲಿನ ದೀಪಕ್ಕೆ ಕೆಳಗೊಂದು, ಮೇಲೊಂದು ಸ್ವಿಚ್ ಇರುತ್ತದಲ್ಲ? ಸ್ವಿಚ್ಚು ಯಾವ ಕಡೆ ಬಾಗಿದೆ ಎಂದು ಯಾರೂ ನೋಡುವುದಿಲ್ಲ. ಒತ್ತಿದರೆ ದೀಪದ ಸ್ಥಿತಿ ಬದಲಾಗುತ್ತದೆ, ಅಷ್ಟೇ. ಇಲ್ಲಿಯೂ 1 ಕಳಿಸಬೇಕಾದರೆ ಹಿಂದಿನ ಸ್ಥಿತಿಯನ್ನು ಬದಲಿಸುತ್ತಾರೆ, 0 ಆದರೆ ಇದ್ದಂತೆಯೇ ಬಿಡುತ್ತಾರೆ.

ಸಂದೇಶ 10110 ಎಂದುಕೊಳ್ಳಿ. 0ಯಿಂದ ಶುರುಮಾಡಿದರೆ ಹೊರಡುವುದು 011011. ದಾರಿಯಲ್ಲಿ ಅದು ಪೂರ್ತಿ ತಿರುಗಿ 100100 ಆಗಿ ತಲುಪಿತು. ಅಕ್ಕಪಕ್ಕದ ಅಂಕಿಗಳನ್ನು ಹೋಲಿಸಿ: ಬದಲು, ಹಾಗೇ, ಬದಲು, ಬದಲು, ಹಾಗೇ. ಮತ್ತೆ 10110!

1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲೂ ಇದೇ ತತ್ತ್ವವಿದೆ. ಅದರ ಗುಳಿಯಾಗಲಿ ಸಮತಟ್ಟಾಗಲಿ 1 ಅಲ್ಲ. ಒಂದು ಮುಗಿದು ಇನ್ನೊಂದು ಶುರುವಾಗುವ ಅಂಚು 1. ಯುಎಸ್‌ಬಿ 2.0 ಕೇಬಲ್ಲಿನಲ್ಲಿ ನಿಯಮ ತಿರುವುಮುರುವು: 0 ಬಂದರೆ ಬದಲಾವಣೆ, 1 ಬಂದರೆ ಇಲ್ಲ. ಸಾಲಾಗಿ 1 ಬರುತ್ತಲೇ ಇದ್ದರೆ ಬದಲಾವಣೆಯೇ ಇಲ್ಲದೆ ಸ್ವೀಕರಿಸುವ ಸಾಧನಕ್ಕೆ ಲಯ ತಪ್ಪುತ್ತದೆ. ಅದಕ್ಕೇ ಆರು 1ಗಳಾದ ಮೇಲೆ ಒಂದು 0 ಸೇರಿಸುತ್ತಾರೆ, ಆಚೆ ಬದಿಯಲ್ಲಿ ಅದನ್ನು ತೆಗೆದುಹಾಕುತ್ತಾರೆ.

ಈ ಉಪಾಯಕ್ಕೊಂದು ಬೆಲೆಯೂ ಉಂಟು. ಪ್ರತಿ ಬಿಟ್ಟನ್ನೂ ಹಿಂದಿನದರ ಜೊತೆ, ಮುಂದಿನದರ ಜೊತೆ ಹೋಲಿಸುವುದರಿಂದ ದಾರಿಯಲ್ಲಿ ಒಂದು ಕೆಟ್ಟರೆ ಓದುವಾಗ ಎರಡು ತಪ್ಪಾಗುತ್ತವೆ. ಆದರೆ ಆ ಎರಡೂ ಅಕ್ಕಪಕ್ಕದಲ್ಲೇ ಇರುತ್ತವೆ, ತಪ್ಪು ಅಲ್ಲಿಗೇ ನಿಲ್ಲುತ್ತದೆ. ಆರ್‌ಡಿಎಸ್‌ನಲ್ಲಿ 16 ಬಿಟ್ ಮಾಹಿತಿಗೆ 10 ಬಿಟ್ ತಪಾಸಣೆಗೆಂದೇ ಮೀಸಲು. ಐದು ಬಿಟ್ ಉದ್ದದೊಳಗಿನ ಒಂದು ತಪ್ಪಿನ ಗುಂಪನ್ನು ಅವು ತಿದ್ದಬಲ್ಲವು. ಜೋಡಿ ತಪ್ಪು ಅವಕ್ಕೆ ದೊಡ್ಡ ಹೊರೆಯಲ್ಲ.