ಕೋಚ್ ಆಗ್ತೀನಿ ಅಂದ್ರೆ ಬೆಚ್ಚಬೇಡಿ, ಲೆಕ್ಕ ಕೇಳಿ

‘ಅತ್ತೆ, ನಾನು ಬ್ಯಾಸ್ಕೆಟ್‌ಬಾಲ್ ಕೋಚ್ ಆಗ್ತೀನಿ!’

ಅಮೆರಿಕದಲ್ಲಿ ಓದುತ್ತಿರುವ ಅಣ್ಣನ ಮಗಳು ಫೋನಿನಲ್ಲಿ ಹೀಗಂದ್ರೆ ನೀವೇನಂತೀರಿ? ‘ಅಷ್ಟೊಂದು ಫೀಸು ಕಟ್ಟಿ ಓದಿಸಿದ್ದು ವಿಷಲ್ ಊದೋದಕ್ಕಾ?’ ಅನ್ನೋ ಮಾತು ನಾಲಿಗೆ ತುದಿಗೆ ಬಂದೇ ಬರುತ್ತೆ. ಅದು ಸಹಜ. ನಮ್ಮ ಪಾಲಿಗೆ ಕೋಚ್ ಅಂದ್ರೆ ಬೆಳಗಿನ ಜಾವ ಮೈದಾನದಲ್ಲಿ ಮಕ್ಕಳನ್ನು ಓಡಿಸುವ ಪಿ.ಟಿ. ಮೇಷ್ಟ್ರು, ಅಷ್ಟೇ.

ಆದರೆ ಅಲ್ಲಿನ ಕಥೆಯೇ ಬೇರೆ. ಅಮೆರಿಕದಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಅಂದ್ರೆ ನಮ್ಮಲ್ಲಿ ಕ್ರಿಕೆಟ್ ಇದ್ದ ಹಾಗೆ. ಮೇಲ್ದರ್ಜೆಯ ‘ಡಿವಿಷನ್ ಒನ್’ನಲ್ಲೇ 350ಕ್ಕೂ ಹೆಚ್ಚು ಕಾಲೇಜುಗಳ ತಂಡಗಳಿವೆ. ಸೌತ್ ಕೆರೊಲಿನಾ ವಿಶ್ವವಿದ್ಯಾಲಯದ ಮಹಿಳಾ ತಂಡದ ಕೋಚ್ ಡಾನ್ ಸ್ಟೇಲಿ 2025ರ ಜನವರಿಯಲ್ಲಿ ಸಹಿ ಹಾಕಿದ ಒಪ್ಪಂದದ ಮೊತ್ತ ಕೇಳಿದ್ರೆ ತಲೆ ತಿರುಗುತ್ತೆ. ವರ್ಷಕ್ಕೆ ಸುಮಾರು 40 ಲಕ್ಷ ಡಾಲರ್!

ಹಾಗಂತ ತಕ್ಷಣ ‘ಆಗಲಿ ಕಂದಾ’ ಅಂದುಬಿಡಬೇಡಿ. ಆ ಮೆಟ್ಟಿಲು ತಲುಪೋದಕ್ಕೆ ಮುಂಚೆ ಹತ್ತು ಹನ್ನೆರಡು ವರ್ಷದ ಬರಗಾಲವೊಂದಿದೆ. ಅದನ್ನು ದಾಟಿಸೋದು ಹೆಚ್ಚಾಗಿ ಮನೆಯವರೇ.

ಮೊದಲು ಬಿಟ್ಟಿ ಚಾಕರಿ

ಚೆನ್ನಾಗಿ ಆಡಿದವರೆಲ್ಲ ಕೋಚ್ ಆಗ್ತಾರೆ ಅನ್ನೋದು ತಪ್ಪು ಕಲ್ಪನೆ. ಸ್ಟೇಲಿಯಂಥ ಒಲಿಂಪಿಕ್ಸ್ ತಾರೆಗೆ 2000ದಲ್ಲಿ ಟೆಂಪಲ್ ವಿಶ್ವವಿದ್ಯಾಲಯ ನೇರವಾಗಿ ಮುಖ್ಯ ಕೋಚ್ ಹುದ್ದೆಯನ್ನೇ ಕೊಟ್ಟಿತು, ನಿಜ. ಉಳಿದವರಿಗೆ ಆ ಭಾಗ್ಯ ಇಲ್ಲ. ಸಾಮಾನ್ಯ ದಾರಿ ಹೀಗಿರುತ್ತೆ: ಸ್ನಾತಕೋತ್ತರ ಪದವಿ ಓದುತ್ತಾ ‘ಗ್ರ್ಯಾಜುಯೇಟ್ ಅಸಿಸ್ಟೆಂಟ್’ ಆಗೋದು. ಫೀಸಿನಲ್ಲಿ ಒಂದಿಷ್ಟು ರಿಯಾಯಿತಿ, ಕೈಖರ್ಚಿಗೆ ಪುಡಿಗಾಸು. ಕೆಲಸ? ಚೆಂಡು ಜೋಡಿಸೋದರಿಂದ ಹಿಡಿದು, ಎದುರಾಳಿ ತಂಡದ ಆಟದ ವಿಡಿಯೊ ಕತ್ತರಿಸಿ ಜೋಡಿಸೋದು, ಅತಿಥಿಗಳನ್ನು ವಿಮಾನ ನಿಲ್ದಾಣದಿಂದ ಕರೆತರೋದು... ಎಲ್ಲವೂ. ಆಮೇಲೆ ಸಹಾಯಕ ಕೋಚ್. ನಂತರ ಯಾವುದೋ ಮೂಲೆಯ ಸಣ್ಣ ಕಾಲೇಜಿನಲ್ಲಿ ಮುಖ್ಯ ಕೋಚ್. ಅಲ್ಲಿ ಗೆದ್ದು ತೋರಿಸಿದರೆ ಮಾತ್ರ ದೊಡ್ಡ ಕಾಲೇಜಿನವರು ತಿರುಗಿ ನೋಡ್ತಾರೆ.

ತಾರಾ ವ್ಯಾನ್‌ಡರ್‌ವೀರ್ ಅವರ ಕಥೆ ಕೇಳಿ. ಇಂಡಿಯಾನಾದಲ್ಲಿ ಪದವಿ ಮುಗಿಸಿ, ಕೈಲಿದ್ದ ಕಾಸು ಖಾಲಿಯಾದ ಮೇಲೆ ಮನೆಗೆ ಬಂದು ಕೂತಿದ್ದರು. ನಿದ್ದೆ ಮತ್ತು ಚೆಸ್, ಇಷ್ಟೇ ದಿನಚರಿ. ಇದನ್ನು ನೋಡಲಾರದೆ ಅಪ್ಪ-ಅಮ್ಮ, ‘ತಂಗಿಯ ಸ್ಕೂಲ್ ಟೀಮಿಗಾದರೂ ಕಲಿಸಿಕೊಡು’ ಅಂತ ಹಟ ಹಿಡಿದರು. ಅಲ್ಲಿ ರುಚಿ ಹತ್ತಿತು. 20 ಕಾಲೇಜುಗಳಿಗೆ ಅರ್ಜಿ ಹಾಕಿದರೆ ಉತ್ತರ ಬಂದದ್ದು ಎರಡೇ. ಒಹಾಯೊ ಸ್ಟೇಟ್‌ನಲ್ಲಿ ಸಂಬಳವಿಲ್ಲದೆ ಸೇರಿಕೊಂಡರು. ಮೊದಲ ವರ್ಷವೇ ಅವರ ಕಿರಿಯರ ತಂಡ ಎಂಟಕ್ಕೆ ಎಂಟೂ ಪಂದ್ಯ ಗೆದ್ದಿತು. ಬೇರೆ ಕಾಲೇಜಿನವರು ಸಂಬಳ ಕೊಡ್ತೀವಿ ಬನ್ನಿ ಅಂದರು. ಆಕೆ ಹೋಗಲಿಲ್ಲ. ಮೊದಲು ಎಂ.ಎ. ಮುಗಿಯಲಿ ಅಂದರು!

1978ರಲ್ಲಿ ಐಡಹೊ, 1980ರಲ್ಲಿ ಮತ್ತೆ ಒಹಾಯೊ ಸ್ಟೇಟ್, 1985ರಲ್ಲಿ ಸ್ಟ್ಯಾನ್‌ಫರ್ಡ್. 2024ರಲ್ಲಿ ನಿವೃತ್ತರಾದಾಗ ಅವರ ಖಾತೆಯಲ್ಲಿ 1,216 ಗೆಲುವು, ಮೂರು ರಾಷ್ಟ್ರೀಯ ಪ್ರಶಸ್ತಿ, ಜೊತೆಗೆ 1996ರ ಒಲಿಂಪಿಕ್ಸ್ ಚಿನ್ನ.

ಬಟ್ಟೆ ಒಗೆದ ಕೋಚಮ್ಮ

ಟೆನೆಸಿ ವಿಶ್ವವಿದ್ಯಾಲಯದ ಪ್ಯಾಟ್ ಸಮಿಟ್ ಮುಖ್ಯ ಕೋಚ್ ಆದದ್ದು 1974ರಲ್ಲಿ, ಬರೀ 22ನೇ ವಯಸ್ಸಿನಲ್ಲಿ. ಸಂಬಳ ತಿಂಗಳಿಗೆ 250 ಡಾಲರ್. ತಂಡದ ವ್ಯಾನ್ ಓಡಿಸೋರೂ ಅವರೇ, ಹುಡುಗಿಯರ ಯೂನಿಫಾರ್ಮ್ ಒಗೆಯೋರೂ ಅವರೇ. ಆ ಯೂನಿಫಾರ್ಮ್ ಕೂಡ ಹಿಂದಿನ ವರ್ಷ ಡೋನಟ್ ಮಾರಿದ ದುಡ್ಡಿನಲ್ಲಿ ಕೊಂಡಿದ್ದು! ತಾವೂ ಓದುತ್ತಾ, ಆಡುತ್ತಾ 1976ರ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ತಂಡದಲ್ಲಿದ್ದರು. 38 ವರ್ಷ ಒಂದೇ ಕಾಲೇಜು, 1,098 ಗೆಲುವು, ಎಂಟು ರಾಷ್ಟ್ರೀಯ ಪ್ರಶಸ್ತಿ. ಇದೆಲ್ಲಕ್ಕಿಂತ ಅಮ್ಮಂದಿರಿಗೆ ಹಿಡಿಸುವ ಸಂಗತಿ ಇನ್ನೊಂದಿದೆ. ಅವರ ಕೈಕೆಳಗೆ ಪೂರ್ತಿ ಅವಧಿ ಆಡಿದ ಪ್ರತಿ ಹುಡುಗಿಯೂ ಪದವಿ ಪಡೆದೇ ಹೊರಬಂದಳು.

2011ರಲ್ಲಿ ಅವರಿಗೆ ಮರೆವಿನ ಕಾಯಿಲೆ ಅಲ್ಜೈಮರ್ ಇರೋದು ಗೊತ್ತಾಯ್ತು. ಮರುವರ್ಷ ಹುದ್ದೆ ಬಿಟ್ಟರು. 2016ರಲ್ಲಿ, 64ನೇ ವಯಸ್ಸಿನಲ್ಲಿ ತೀರಿಕೊಂಡರು.

ಗಂಡನಿಗೆ ಕೋಚಿಂಗ್, ಹೆಂಡತಿಗೆ ಲಗೇಜು

ಈ ಕಸುಬಿನಲ್ಲಿ ಊರಿಂದೂರಿಗೆ ಅಲೆದಾಟ ತಪ್ಪಿದ್ದಲ್ಲ. ಮುಖ್ಯ ಕೋಚ್‌ನನ್ನು ತೆಗೆದುಹಾಕಿದರೆ ಸಹಾಯಕರ ಕೆಲಸಕ್ಕೂ ಸಾಮಾನ್ಯವಾಗಿ ಸಂಚಕಾರ. ಮಕ್ಕಳ ಸ್ಕೂಲು ಬದಲಿಸೋದು, ಬಾಡಿಗೆ ಮನೆ ಹುಡುಕೋದು, ಅಡುಗೆಮನೆ ಡಬ್ಬ ಮತ್ತೆ ಮತ್ತೆ ಕಟ್ಟೋದು ಯಾರ ಪಾಲಿಗೆ ಅಂತ ಬಿಡಿಸಿ ಹೇಳಬೇಕಾ?

ಬ್ರ್ಯಾಡ್ ಸ್ಟೀವನ್ಸ್ 2000ದಲ್ಲಿ ಎಲಿ ಲಿಲ್ಲಿ ಔಷಧ ಕಂಪನಿಯ ಕೈತುಂಬಾ ಸಂಬಳದ ಕೆಲಸ ಬಿಟ್ಟು ಬಟ್ಲರ್ ವಿಶ್ವವಿದ್ಯಾಲಯದ ತಂಡಕ್ಕೆ ಸ್ವಯಂಸೇವಕನಾಗಿ ಹೊರಟರು. ಆಗ ಗೆಳತಿಯಾಗಿದ್ದ, ಮುಂದೆ ಪತ್ನಿಯಾದ ಟ್ರೇಸಿ ಅಳುತ್ತಾ ಕೂರಲಿಲ್ಲ, ಕುರುಡಾಗಿ ತಲೆಯಾಡಿಸಲೂ ಇಲ್ಲ. ಇದು ಕೈಕೊಟ್ಟರೆ ಇರಲಿ ಅಂತ ತಾವು ಕಾನೂನು ಓದಲು ಸೇರಿದರು. ಸ್ಟೀವನ್ಸ್ 30ನೇ ವಯಸ್ಸಿಗೆ ಮುಖ್ಯ ಕೋಚ್ ಆದರು. 2010 ಮತ್ತು 2011ರಲ್ಲಿ ಆ ಪುಟ್ಟ ಕಾಲೇಜನ್ನು ಸತತ ಎರಡು ಬಾರಿ ರಾಷ್ಟ್ರೀಯ ಫೈನಲ್‌ಗೆ ಒಯ್ದರು. 2013ರಲ್ಲಿ ವೃತ್ತಿಪರ ತಂಡ ಬೋಸ್ಟನ್ ಸೆಲ್ಟಿಕ್ಸ್ ಅವರನ್ನು ಕರೆಸಿಕೊಂಡಿತು. ಬೆಂಬಲ ಅಂದ್ರೆ ಬರೀ ‘ಹೂಂ’ ಅನ್ನೋದಲ್ಲ, ಇನ್ನೊಂದು ಆಧಾರವನ್ನೂ ಸಿದ್ಧ ಮಾಡಿಟ್ಟುಕೊಳ್ಳೋದು.

ತಾಳ್ಮೆಯೂ ಬೇಕು. ಡ್ಯೂಕ್ ವಿಶ್ವವಿದ್ಯಾಲಯದ ಮೈಕ್ ಶಶೆವ್‌ಸ್ಕಿ ಎರಡನೇ ವರ್ಷ 17 ಪಂದ್ಯ ಸೋತರು, ಮೂರನೇ ವರ್ಷ ಮತ್ತೆ 17. ‘ಕಿತ್ತುಹಾಕಿ’ ಅಂತ ಹಳೆ ವಿದ್ಯಾರ್ಥಿಗಳು ಕೂಗಿದರು. ಕಾಲೇಜು ಕೈಬಿಡಲಿಲ್ಲ. 2022ರಲ್ಲಿ ನಿವೃತ್ತರಾಗುವ ಹೊತ್ತಿಗೆ ಐದು ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟಿದ್ದರು. ಎಲ್ಲರಿಗೂ ಇಂಥ ಆಡಳಿತ ಸಿಗುತ್ತೆ ಅನ್ನೋ ಭರವಸೆ ಮಾತ್ರ ಇಲ್ಲ.

ದುಡ್ಡು ಬಂತು, ಗಂಡಸರು ಬಂದರು

ಹೆಣ್ಣುಮಕ್ಕಳ ತಾಯಂದಿರು ಗಮನಿಸಬೇಕಾದ ಮಾತೊಂದಿದೆ. 1972ರಲ್ಲಿ ಅಮೆರಿಕ ‘ಟೈಟಲ್ ನೈನ್’ ಕಾನೂನು ತಂದು, ಸರ್ಕಾರಿ ನೆರವು ಪಡೆಯುವ ಕಾಲೇಜುಗಳಲ್ಲಿ ಗಂಡು-ಹೆಣ್ಣೆಂಬ ಭೇದ ಮಾಡಬಾರದು ಅಂದಿತು. ಹುಡುಗಿಯರ ಆಟಕ್ಕೆ ದುಡ್ಡು, ಮರ್ಯಾದೆ ಎರಡೂ ಬಂತು. ಆಮೇಲೇನಾಯ್ತು ಗೊತ್ತಾ? ಅಕೋಸ್ಟಾ ಮತ್ತು ಕಾರ್ಪೆಂಟರ್ ಎಂಬ ಇಬ್ಬರು ಪ್ರಾಧ್ಯಾಪಕಿಯರು ದಶಕಗಳ ಕಾಲ ಲೆಕ್ಕ ಇಟ್ಟರು. 1972ರಲ್ಲಿ ಎಲ್ಲ ಆಟಗಳೂ ಸೇರಿ ಕಾಲೇಜು ಮಹಿಳಾ ತಂಡಗಳ ಕೋಚ್‌ಗಳಲ್ಲಿ ಶೇ 90ಕ್ಕೂ ಹೆಚ್ಚು ಹೆಂಗಸರು. 2014ರ ಹೊತ್ತಿಗೆ ಅದು ಶೇ 43ರ ಆಸುಪಾಸಿಗೆ ಇಳಿದಿತ್ತು. ಪುಡಿಗಾಸಿನ ಕಾಲದಲ್ಲಿ ಹೆಂಗಸರ ಕೆಲಸ, ಸಂಬಳ ಏರಿದ ಮೇಲೆ ಗಂಡಸರ ಹುದ್ದೆ! ಈ ಕಥೆ ನಮಗೇನೂ ಹೊಸದಲ್ಲ, ಅಲ್ವಾ?

ತಾಯ್ತನದ ಪ್ರಶ್ನೆಯೂ ಇದೆ. 1990ರಲ್ಲಿ ಸಮಿಟ್ ಆಟಗಾರ್ತಿಯೊಬ್ಬಳನ್ನು ಒಪ್ಪಿಸಲು ಪೆನ್ಸಿಲ್ವೇನಿಯಾಕ್ಕೆ ಹೋಗಿದ್ದಾಗ ಹೆರಿಗೆ ನೋವು ಶುರುವಾಯ್ತು. ಮಗು ಟೆನೆಸಿಯಲ್ಲೇ ಹುಟ್ಟಬೇಕು ಅಂತ ವಿಮಾನ ಹತ್ತಿ ವಾಪಸ್ ಬಂದರು. ಇದನ್ನು ಸಾಹಸ ಅಂತ ಹೊಗಳೋರಿದ್ದಾರೆ. ಆದರೆ ತುಂಬು ಬಸುರಿ ಊರೂರು ತಿರುಗಬೇಕಾದ ಕೆಲಸ ಅದು ಅನ್ನೋದನ್ನೂ ಮರೆಯಬಾರದು. 2021ರ ರಾಷ್ಟ್ರೀಯ ಫೈನಲ್‌ನಲ್ಲಿ ಅರಿಜೋನಾ ತಂಡದ ಕೋಚ್ ಅಡಿಯಾ ಬಾರ್ನ್ಸ್ ಕೈಗೂಸಿನ ತಾಯಿ. ವಿರಾಮದ ವೇಳೆ ಮಗುವಿಗೆ ಎದೆಹಾಲು ತೆಗೆದಿಟ್ಟು ಅಂಕಣಕ್ಕೆ ಮರಳಿದರು. ಟಿವಿಯಲ್ಲಿ ಅದನ್ನು ಹೇಳಿದಾಗ ಅಮೆರಿಕದ ಅಮ್ಮಂದಿರು ಹೆಮ್ಮೆಪಟ್ಟರು. ಆ ಪಂದ್ಯವನ್ನು 54-53ರಿಂದ, ಒಂದೇ ಅಂಕದಿಂದ ಗೆದ್ದವರು ಯಾರು? ಅದೇ ವ್ಯಾನ್‌ಡರ್‌ವೀರ್!

ವಕೀಲೆಯೊಬ್ಬಳು ಕೋಚ್ ಆದಳು

ಭಾರತೀಯ ಮೂಲದ ಸೋನಿಯಾ ರಾಮನ್ ಅವರ ದಾರಿ ನಮ್ಮ ಮನೆಗಳಿಗೆ ಹತ್ತಿರದ್ದು. ಟಫ್ಟ್ಸ್‌ನಲ್ಲಿ ಆಡಿ, ಕಾನೂನು ಪದವಿ ಪಡೆದು, ಹಣಕಾಸು ಕಂಪನಿಯಲ್ಲಿ ದುಡಿಯುತ್ತಾ ವೆಲ್ಸ್‌ಲಿ ಕಾಲೇಜಿನಲ್ಲಿ ಅರೆಕಾಲಿಕ ಸಹಾಯಕ ಕೋಚ್ ಆಗಿದ್ದರು. 2008ರಲ್ಲಿ ಎಂಐಟಿಯ ಮಹಿಳಾ ತಂಡದ ಮುಖ್ಯ ಕೋಚ್. 12 ವರ್ಷದ ನಂತರ, 2020ರಲ್ಲಿ, ಪುರುಷರ ಎನ್‌ಬಿಎ ತಂಡ ಮೆಂಫಿಸ್ ಗ್ರಿಜ್ಲೀಸ್‌ಗೆ ಸಹಾಯಕ ಕೋಚ್. 2025ರಲ್ಲಿ ಸಿಯಾಟಲ್ ಸ್ಟಾರ್ಮ್ ಎಂಬ ವೃತ್ತಿಪರ ಮಹಿಳಾ ತಂಡ ಅವರನ್ನು ಮುಖ್ಯ ಕೋಚ್ ಆಗಿ ನೇಮಿಸಿತು. ಓದನ್ನು ಬಿಡಲಿಲ್ಲ, ಆಟವನ್ನೂ ಬಿಡಲಿಲ್ಲ. ಹೊಟ್ಟೆಪಾಡಿಗೆ ಒಂದು ಕೈ, ಮನಸ್ಸಿಗೆ ಇನ್ನೊಂದು ಕೈ.

ಹಾಗಾದರೆ ಏನು ಕೇಳಬೇಕು?

* ಯಾಕೆ ಇಷ್ಟ? ಆಡೋದು ಇಷ್ಟವೋ, ಕಲಿಸೋದು ಇಷ್ಟವೋ? ಎರಡೂ ಒಂದಲ್ಲ. ರಜೆಯಲ್ಲಿ ಪುಟ್ಟ ಮಕ್ಕಳಿಗೆ ಒಂದು ತಿಂಗಳು ಕಲಿಸಿ ನೋಡಲಿ.

* ಸ್ನಾತಕೋತ್ತರ ಪದವಿ ಜೊತೆಗೇ ಸಿಗುತ್ತಾ? ಓದೂ ಸೇರಿದ್ದರೆ ಆ ವರ್ಷಗಳು ವ್ಯರ್ಥವಾಗಲ್ಲ.

* ಎಷ್ಟು ವರ್ಷ? ಐದು ವರ್ಷ ನೋಡೋಣ ಅಂತ ಇಬ್ಬರೂ ಸೇರಿ ಗಡುವು ಹಾಕಿಕೊಳ್ಳಿ. ಅಷ್ಟರೊಳಗೆ ಸಂಬಳದ ಹುದ್ದೆ ಸಿಗದಿದ್ದರೆ ಮುಂದೇನು ಅನ್ನೋದನ್ನೂ ಈಗಲೇ ಮಾತಾಡಿ.

* ಮನೆಯಿಂದ ಎಷ್ಟು ಕೊಡ್ತೀರಿ? ಬಾಯಿಮಾತು ಬೇಡ, ಕಾಗದದಲ್ಲಿ ಬರೆದಿಡಿ.

* ವೀಸಾ? ವಿದ್ಯಾರ್ಥಿ ವೀಸಾದಲ್ಲಿ ಹೋದವರು ಇಂಥ ಕೆಲಸಕ್ಕೆ ಅವಕಾಶ ಇದೆಯೇ ಅಂತ ಕಾಲೇಜಿನಲ್ಲೇ ಮೊದಲು ವಿಚಾರಿಸಲಿ.

* ಆಟ ಬದಲಾಗಿರೋದು ಗೊತ್ತಾ? ಹೆಸರು, ಚಿತ್ರ ಬಳಸಿ ಸಂಪಾದಿಸಲು ಆಟಗಾರರಿಗೆ 2021ರಿಂದ ಅವಕಾಶವಿದೆ. 2025ರಿಂದ ಕಾಲೇಜುಗಳೇ ಅವರಿಗೆ ನೇರವಾಗಿ ದುಡ್ಡು ಕೊಡಬಹುದು. ಕಾಲೇಜು ಬದಲಿಸೋದೂ ಸುಲಭವಾಗಿದೆ. 2019ರಲ್ಲಿ ವರ್ಜೀನಿಯಾಕ್ಕೆ ಪ್ರಶಸ್ತಿ ಗೆದ್ದುಕೊಟ್ಟ ಟೋನಿ ಬೆನೆಟ್, ಈ ಹೊಸ ವ್ಯವಸ್ಥೆ ತನಗೆ ಒಗ್ಗಲ್ಲ ಅಂತ 2024ರ ಅಕ್ಟೋಬರ್‌ನಲ್ಲಿ ಹುದ್ದೆಯನ್ನೇ ಬಿಟ್ಟರು.

ಇಲ್ಲೇ ಇರುವ ಮಕ್ಕಳಿಗೆ ಇಂಥ ಉದ್ದನೆಯ ಏಣಿ ಇಲ್ಲ. ಬಿ.ಪಿ.ಎಡ್, ಎಂ.ಪಿ.ಎಡ್ ಮಾಡಿ ಕಾಲೇಜಿನ ದೈಹಿಕ ಶಿಕ್ಷಣ ವಿಭಾಗ ಸೇರೋದು, ಇಲ್ಲವೇ ಪಟಿಯಾಲದ ಎನ್‌ಐಎಸ್‌ನ ಕೋಚಿಂಗ್ ಡಿಪ್ಲೊಮಾ ಮಾಡೋದು ಇಲ್ಲಿನ ಪರಿಚಿತ ದಾರಿಗಳು. ಕೇಳಬೇಕಾದ ಪ್ರಶ್ನೆಗಳು ಮಾತ್ರ ಬಹುಪಾಲು ಅವೇ.

ವ್ಯಾನ್‌ಡರ್‌ವೀರ್ ಚಿಕ್ಕವರಿದ್ದಾಗ ಅವರ ತಂದೆ, ‘ಬ್ಯಾಸ್ಕೆಟ್‌ಬಾಲ್ ನಿನ್ನನ್ನು ಎಲ್ಲಿಗೂ ಕರೆದೊಯ್ಯಲ್ಲ, ಒಳಗೆ ಬಂದು ಬೀಜಗಣಿತ ಮಾಡು’ ಅಂತ ಗದರುತ್ತಿದ್ದರಂತೆ. ಮಗಳು ಎಲ್ಲಿಗೆ ಹೋದಳು ಅನ್ನೋದು ಜಗತ್ತಿಗೇ ಗೊತ್ತು. ಹಾಗಂತ ಅಪ್ಪನದು ಪೂರ್ತಿ ತಪ್ಪು ಅನ್ನೋ ಹಾಗೂ ಇಲ್ಲ. ಸಂಬಳ ಬಿಟ್ಟು ಎಂ.ಎ. ಮುಗಿಸಿದವಳೂ ಅದೇ ಮಗಳೇ ತಾನೇ? ನೀವೂ ಲೆಕ್ಕ ಮಾಡಿಸಿ, ಆಮೇಲೆ ಆಡಲು ಬಿಡಿ.