ಕೆಚ್ಚಲು ಬಾವು: ಕಣ್ಣಿಗೆ ಕಾಣದ ನಷ್ಟ

ನಮ್ಮಲ್ಲಿ ಎಷ್ಟೋ ಜನ ಇಲ್ಲಿಂದ ದುಡ್ಡು ಕಳಿಸಿ ಊರಲ್ಲಿ ಎಚ್‌ಎಫ್ ಹಸು ಕಟ್ಟಿಸಿದ್ದೇವೆ. ಹೋದ ವರ್ಷ ಮಂಡ್ಯದಿಂದ ಅಮ್ಮ ಫೋನ್ ಮಾಡಿ, "ಕೆಚ್ಚಲು ಕಲ್ಲಾಗೋಗದೆ ಕಣ್ ಮಗ, ಹಾಲಲ್ಲಿ ರಕ್ತ ಬತ್ತಾ ಅದೆ" ಅಂದರು. ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟರು. ಹಸು ಉಳಿಯಿತು, ಒಂದು ಮೊಲೆ ಮಾತ್ರ ಬತ್ತಿಹೋಯಿತು.

ಅಕೌಂಟೆಂಟ್ ಬುದ್ಧಿ, ಡೇರಿ ಪಾಸ್‌ಬುಕ್ ಫೋಟೋ ತರಿಸಿ ನೋಡಿದೆ. ಎರಡು ತಿಂಗಳಿಂದಲೇ ದಿನಕ್ಕೆ ಒಂದು ಲೀಟರ್ ಕಡಿಮೆ! ಮನೆಯವರು ಹಿಂಡಿ ಸರಿ ಇಲ್ಲ ಅಂದುಕೊಂಡಿದ್ದರು. ಲೀಟರಿಗೆ 35 ರೂಪಾಯಿ ಅಂತ ಹಿಡಿದರೂ 60 ದಿನಕ್ಕೆ 2,100 ರೂಪಾಯಿ. ಬತ್ತಿದ ಮೊಲೆಯ ನಷ್ಟ ಮುಂದಿನ ಸೂಲುಗಳಿಗೂ ಇದೆ.

ಈ ರೋಗಕ್ಕೆ ಕಾರಣ ಬ್ಯಾಕ್ಟೀರಿಯಾ. ಮೊಲೆಯ ತುದಿಯ ರಂಧ್ರದಿಂದ ಒಳಗೆ ಹೋಗುತ್ತವೆ. ಸ್ಟೆಫೈಲೊಕಾಕಸ್ ಆರಿಯಸ್ ಎಂಬುದು ಹಾಲು ಕರೆಯುವವರ ಕೈ, ಒರೆಸುವ ಬಟ್ಟೆಯ ಮೂಲಕ ಒಂದು ಹಸುವಿನಿಂದ ಇನ್ನೊಂದಕ್ಕೆ ಹರಡುತ್ತದೆ. ಇ-ಕೊಲೈ ಸಗಣಿ, ಕೊಳಕು ನೆಲದಿಂದ ಬರುತ್ತದೆ. ಬಾವು ಬಂದರೆ, ಹಾಲು ಒಡೆದರೆ ಎಲ್ಲರಿಗೂ ಗೊತ್ತಾಗುತ್ತದೆ. ಆದರೆ ಸುಪ್ತ ಕೆಚ್ಚಲು ಬಾವಿನಲ್ಲಿ ಹಾಲೂ ಕೆಚ್ಚಲೂ ಚೆನ್ನಾಗೇ ಕಾಣುತ್ತವೆ, ಇಳುವರಿ ಮಾತ್ರ ಇಳಿಯುತ್ತದೆ. ಇದನ್ನು ಹಿಡಿಯಲು ಸಿಎಂಟಿ ಎಂಬ ಸುಲಭ ಪರೀಕ್ಷೆ ಇದೆ. ನಾಲ್ಕು ಮೊಲೆಯ ಹಾಲನ್ನು ನಾಲ್ಕು ಬಟ್ಟಲಿನ ತಟ್ಟೆಗೆ ಕರೆದು ದ್ರಾವಣ ಬೆರೆಸುತ್ತಾರೆ. ರೋಗ ಇದ್ದರೆ ಹಾಲು ಲೋಳೆಯಾಗುತ್ತದೆ.

ಮನೆಗೆ ಹೇಳಬೇಕಾದ್ದು ಇಷ್ಟು:

• ಕರೆಯುವ ಮುಂಚೆ ಕೈ, ಮೊಲೆ ತೊಳೆದು ಒರೆಸಿ. ಒಂದೊಂದು ಹಸುವಿಗೆ ಬೇರೆ ಬಟ್ಟೆ ಇರಲಿ.
• ಮೊದಲ ನಾಲ್ಕು ಧಾರೆ ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ ಹಿಡಿದು ಗರಣೆ ಇದೆಯಾ ನೋಡಿ.
• ಕರೆದ ಮೇಲೆ ಮೊಲೆತುದಿಯನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ.
• ಆಮೇಲೆ ಮೇವು ಹಾಕಿ ಅರ್ಧ ಗಂಟೆಯಾದರೂ ನಿಲ್ಲಿಸಿ. ಮೊಲೆಯ ರಂಧ್ರ ಮುಚ್ಚಿಕೊಳ್ಳಲು ಸಮಯ ಬೇಕು.
• ರೋಗದ ಹಸುವನ್ನು ಕೊನೆಗೆ ಕರೆಯಿರಿ.
• ಇಂಜೆಕ್ಷನ್ ಕೋರ್ಸ್ ಅರ್ಧಕ್ಕೆ ಬಿಡಬೇಡಿ. ಡಾಕ್ಟರು ಹೇಳಿದಷ್ಟು ದಿನ ಆ ಹಾಲನ್ನು ಡೇರಿಗೂ ಹಾಕಬೇಡಿ, ಮನೆಗೂ ಬಳಸಬೇಡಿ.
• ಹಾಲು ಬತ್ತಿಸುವಾಗ ಮೊಲೆಗೆ ಔಷಧಿ ಬೇಕಾ ಅಂತ ಡಾಕ್ಟರನ್ನು ಕೇಳಿ.

ಪಶು ಆಸ್ಪತ್ರೆ ದೂರ ಇದ್ದರೆ 1962ಕ್ಕೆ ಫೋನ್ ಮಾಡಬಹುದು, ಸಂಚಾರಿ ಪಶು ಚಿಕಿತ್ಸಾ ವಾಹನದ ನಂಬರ್ ಅದು.

ಈ ಶುಕ್ರವಾರ ಊರಿಗೆ ಫೋನ್ ಮಾಡಿದಾಗ "ಹಸು ಹೇಗಿದೆ" ಅಂತ ಮಾತ್ರ ಕೇಳಬೇಡಿ. "ಹೋದ ವಾರ ಎಷ್ಟು ಲೀಟರ್, ಈ ವಾರ ಎಷ್ಟು" ಅಂತ ಕೇಳಿ. ನಾವು ಕೇಳಿದ್ದರೆ ಆ ಮೊಲೆ ಉಳಿಯುತ್ತಿತ್ತೇನೋ.