ಬೇರು ಕುಲಾಂತರಿಯಾದರೆ ಹಣ್ಣು ಯಾವುದು?

ಚನ್ನಗಿರಿಯ ಅಡಿಕೆ ತೋಟದಲ್ಲಿ ಮರಕ್ಕೆ ಹಬ್ಬಿದ ಕಾಳುಮೆಣಸಿಗೆ ಶೀಘ್ರ ಸೊರಗು ರೋಗ ತಗುಲಿತೆಂದರೆ ಬಳ್ಳಿ ಉಳಿಯುವುದು ಕಷ್ಟ. ಮಣ್ಣಿನಲ್ಲಿರುವ ಫೈಟಾಫ್ತೊರ ಬುಡವನ್ನೇ ಕೊಳೆಸುತ್ತದೆ. ಈ ರೋಗಕ್ಕೆ ಬಗ್ಗದ ಬ್ರೆಜಿಲ್ ಮೂಲದ ಹಿಪ್ಪಲಿಯ ಮೇಲೆ ಮೆಣಸಿನ ಕುಡಿ ಕಸಿ ಮಾಡುವುದು ಅದಕ್ಕೊಂದು ಉಪಾಯ. ಹೊನ್ನಾಳಿ, ನ್ಯಾಮತಿಯ ಬದನೆ, ಟೊಮೆಟೊ ಬೆಳೆಗಾರರಿಗೂ ಇಂಥದೇ ದಾರಿಯಿದೆ: ಸುಂಡೆ ಗಿಡದ ಬೇರು, ಮೇಲೆ ನಮಗೆ ಬೇಕಾದ ತಳಿ.

ಇವೆಲ್ಲ ಪ್ರಕೃತಿಯಲ್ಲೇ ಇರುವ ಬೇರುಗಳು. ನಾಳೆ ಪ್ರಯೋಗಾಲಯದಲ್ಲಿ ಜೀನ್ ಸೇರಿಸಿದ ಬೇರಿನ ಮೇಲೆ ಸಾಮಾನ್ಯ ಬದನೆಯನ್ನು ಕಸಿ ಮಾಡಿದರೆ, ಆ ಕಾಯಿ ಕುಲಾಂತರಿಯೇ?

ವಿಜ್ಞಾನದ ಉತ್ತರ ಅಷ್ಟು ಸರಳವಲ್ಲ. ಕಸಿಯ ಗಂಟಿನಲ್ಲಿ ಜೀವಕೋಶಗಳ ನಡುವೆ ಜೀನ್‌ಗಳು ದಾಟಬಲ್ಲವೆಂದು ಜರ್ಮನಿಯ ವಿಜ್ಞಾನಿಗಳು 2009ರಲ್ಲಿ ತಂಬಾಕಿನ ಗಿಡದಲ್ಲಿ ತೋರಿಸಿದರು. ಆದರೆ ಅದು ಗಂಟಿನ ಆಸುಪಾಸಿಗೆ ಸೀಮಿತ. ಮೇಲಕ್ಕೆ ಹೋಗುವುದು ರಸ. ಕ್ಯಾಲಿಫೋರ್ನಿಯಾದಲ್ಲಿ ಪಿಯರ್ ಹಣ್ಣಿನ ಜೀನ್ ಸೇರಿಸಿದ ದ್ರಾಕ್ಷಿ ಬೇರಿನಿಂದ ಆ ಜೀನ್ ತಯಾರಿಸಿದ ಪ್ರೋಟೀನು ಮೇಲಿನ ಸಾಮಾನ್ಯ ಬಳ್ಳಿಗೂ ತಲುಪಿದ್ದು 2005ರಲ್ಲಿ ಪ್ರಕಟವಾಯಿತು. ಸಣ್ಣ ಆರ್‌ಎನ್‌ಎ ತುಣುಕುಗಳೂ ಹೀಗೆ ಸಾಗುತ್ತವೆ.

ಬೇರಿನ ಪ್ರಭಾವಕ್ಕೆ ಜೀನ್ ತಿದ್ದಬೇಕೆಂದೇನೂ ಇಲ್ಲ. 1960ರ ದಶಕದಲ್ಲಿ ಅಮೆರಿಕದ ಟೆನೆಸಿಯಲ್ಲಿ ದತ್ತೂರಿ ಬೇರಿನ ಮೇಲೆ ಕಸಿ ಮಾಡಿದ ಟೊಮೆಟೊ ತಿಂದವರು ಅಸ್ವಸ್ಥರಾದರು. ದತ್ತೂರಿಯ ವಿಷ ತಯಾರಾಗುವುದು ಬೇರಿನಲ್ಲಿ, ಏರುವುದು ರಸದೊಂದಿಗೆ. ಹಾಗಾಗಿ 'ಕುಲಾಂತರಿ' ಎಂಬ ಹೆಸರಿಗೇ ಬೆಚ್ಚುವುದೂ, ಹಣ್ಣಿನಲ್ಲಿ ಹೊಸ ಜೀನ್ ಸಿಗಲಿಲ್ಲವೆಂದು ಸುರಕ್ಷಿತ ಅನ್ನುವುದೂ ಎರಡೂ ತಪ್ಪು. ನೋಡಬೇಕಾದ್ದು ಬೇರು ಮೇಲಕ್ಕೆ ಏನು ಕಳಿಸುತ್ತದೆ ಎಂಬುದನ್ನು.

2006ರ ಆಹಾರ ಸುರಕ್ಷತಾ ಕಾಯ್ದೆಯ 22ನೇ ಕಲಮು ಕುಲಾಂತರಿ ಜೀವಿಯಿಂದ ತಯಾರಾಗಿದ್ದರೂ ಅದನ್ನು ಒಳಗೊಂಡಿಲ್ಲದ ಆಹಾರವನ್ನೂ ಕುಲಾಂತರಿಯೆಂದೇ ಎಣಿಸುತ್ತದೆ. ಕಸಿ ಹಣ್ಣನ್ನೂ ಇದರಡಿ ತರಲು ಅವಕಾಶವಿದೆ ಎಂಬುದು ನನ್ನ ಓದು. ಇಂಥ ಬೇರುಸಸಿ ನೆಡಲು ಕೂಡ ಕುಲಾಂತರಿ ಜೀವಿಗಳ ಕುರಿತ 1989ರ ನಿಯಮಗಳಂತೆ ಕೇಂದ್ರದ ಅನುಮತಿ ಬೇಕು. ಆದರೆ ಜಾರಿ? ಜೀನ್ ಹುಡುಕುವ ಪರೀಕ್ಷೆಗೆ ಹಣ್ಣನ್ನು ಕೊಟ್ಟರೆ ಫಲಿತಾಂಶ ಬಹುತೇಕ ಇಲ್ಲವೆಂದೇ ಬರುತ್ತದೆ.

ಜಗಳೂರಿನ ಹತ್ತಿ ಬೆಳೆಗಾರರಿಗೆ ಜಾರಿಯ ಈ ಕೊರತೆ ಹೊಸ ಕತೆಯಲ್ಲ. 2002ರಲ್ಲಿ ಒಪ್ಪಿಗೆ ಪಡೆದ ಬಿಟಿ ಹತ್ತಿಯೇ ದೇಶದ ರೈತರ ಹೊಲಕ್ಕೆ ಅಧಿಕೃತವಾಗಿ ಬಂದ ಒಂದೇ ಕುಲಾಂತರಿ ಬೆಳೆ. ಕಳೆನಾಶಕ ತಡೆಯುವ ಹತ್ತಿ ಅನುಮತಿಯಿಲ್ಲದೆಯೇ ದೇಶದ ಹಲವೆಡೆ ಹಬ್ಬಿತು. ಧಾರವಾಡ ಕೃಷಿ ವಿಶ್ವವಿದ್ಯಾಲಯ ಅಭಿವೃದ್ಧಿಯಲ್ಲಿ ಪಾಲ್ಗೊಂಡಿದ್ದ ಬಿಟಿ ಬದನೆಗೆ 2010ರ ಫೆಬ್ರವರಿಯಲ್ಲಿ ತಡೆ ಬಿತ್ತು. ಅಲ್ಲಿ ಚರ್ಚಿಸಲು ಕಾಯಿಯೇ ಕಣ್ಣೆದುರಿಗಿತ್ತು. ಮಣ್ಣಿನಡಿಯ ಬೇರನ್ನು ನರ್ಸರಿಯಲ್ಲೇ ಹಿಡಿಯಬೇಕು: ಕಸಿ ಸಸಿಯ ಚೀಟಿಯಲ್ಲಿ ಮೇಲಿನ ತಳಿಯ ಜೊತೆಗೆ ಬೇರುಸಸಿಯ ಹೆಸರು, ಮೂಲ ಬರೆಯುವುದನ್ನು ತೋಟಗಾರಿಕೆ ಇಲಾಖೆ ಈಗಲೇ ಕಡ್ಡಾಯ ಮಾಡಲಿ.